ಹಳೆಯ ಜೀಪಿಗೆ ಅಲ್ಯೂಮಿನಿಯಂ ಮೈ

ಪೊಳಲಿಯ ಶ್ರೀ ರಾಜರಾಜೇಶ್ವರಿ ಸನ್ನಿಧಿಯನ್ನು ದರ್ಶಿಸಿದವರ ಮನಸ್ಸಿನಲ್ಲಿ ಒಂದು ಸಂಗತಿ ಅಳಿಯದೆ ನಿಲ್ಲುತ್ತದೆ. ಅಲ್ಲಿಯ ದೇವಿಯ ಭವ್ಯ ವಿಗ್ರಹ ಶಿಲೆಯದೂ ಅಲ್ಲ, ಪಂಚಲೋಹದ್ದೂ ಅಲ್ಲ; ಮೃತ್ತಿಕೆಯದು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಈ ನಾಡಿನಲ್ಲಿ, ಫಲ್ಗುಣಿ ನದಿಯ ಮಗ್ಗುಲಲ್ಲಿ, ಮಣ್ಣಿನ ಮೂರ್ತಿಯೊಂದು ಶತಮಾನಗಳಿಂದ ಉಳಿದು ಬಂದಿದೆ. ಮಣ್ಣು ಕಲ್ಲಿಗಿಂತ ಗಟ್ಟಿ ಎಂಬ ಕಾರಣದಿಂದ ಅದು ಉಳಿದದ್ದಲ್ಲ. ಮಣ್ಣಿನ ಸ್ವಭಾವವನ್ನು ಬಲ್ಲವರು ಅದನ್ನು ನೀರಿನಿಂದ ದೂರವಿರಿಸಿ, ಕಾಲಕಾಲಕ್ಕೆ ಲೇಪನದಿಂದ ಕಾಪಾಡಿಕೊಂಡು ಬಂದ ಕಾರಣ ಉಳಿಯಿತು. ವಸ್ತು ಯಾವುದೇ ಇರಲಿ, ಅದರ ಗುಣವನ್ನು ಅರಿತವರ ಕೈಯಲ್ಲಿ ಅದು ಬಾಳುತ್ತದೆ; ಅರಿಯದವರ ಕೈಯಲ್ಲಿ ಉಕ್ಕೂ ಪುಡಿಯಾಗುತ್ತದೆ.

ಶ್ರೀಮಠದ ವಿದ್ಯಾಸಂಸ್ಥೆಯ ಈ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಅಪ್ಪಣೆ ಮಾಡಿದಾಗ ನನಗೆ ಸಂಕೋಚವಾಯಿತು. ಪ್ರಸಾದನಿಲಯದಲ್ಲಿ ಉಂಡು, ಓದಿ, ಬದುಕನ್ನು ಅರಸುತ್ತ ಘಟ್ಟವಿಳಿದು ಬಂದ ನಾನು ಪೊಳಲಿಯ ಸಮೀಪದಲ್ಲಿ ವಾಹನಗಳ ತಗಡಿನ ಕೆಲಸದಲ್ಲಿಯೇ ಆಯುಷ್ಯವನ್ನು ಕಳೆದವನು. ತತ್ತ್ವವಿಚಾರ ಬರೆಯುವ ಅಧಿಕಾರ ನನಗಿಲ್ಲ. ಬಲ್ಲದ್ದನ್ನೇ ಬರೆಯುವುದು ಲೇಸೆಂದು ಬಗೆದು, ಹಳೆಯ ಜೀಪುಗಳಿಗೆ ಅಲ್ಯೂಮಿನಿಯಂ ತಗಡಿನ ಹೊಸ ಮೈಯನ್ನು ಕಟ್ಟುವ ಬಗೆಯನ್ನು ಇಲ್ಲಿ ವಿವರಿಸುತ್ತೇನೆ. ವಿಷಯವು ಒರಟಾಗಿ ಕಂಡರೂ ವಾಚಕರು ಸಹನೆಯಿಂದ ಓದಬೇಕೆಂದು ಪ್ರಾರ್ಥನೆ.

ಜೀಪು ಮತ್ತು ಕರಾವಳಿ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯಕ್ಕಾಗಿ ಹುಟ್ಟಿದ ವಾಹನ ಜೀಪು. 1941ರಿಂದ 1945ರವರೆಗೆ ವಿಲ್ಲಿಸ್ ಮತ್ತು ಫೋರ್ಡ್ ಕಂಪೆನಿಗಳು ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ಯುದ್ಧದ ಅವಸರದಲ್ಲಿ ಅಂದಚೆಂದಕ್ಕೆ ಎಡೆಯಿರಲಿಲ್ಲ. ಆದುದರಿಂದ ಅದರ ಮೈಯೆಲ್ಲ ಹೆಚ್ಚಾಗಿ ಸಪಾಟು ತಗಡುಗಳಿಂದಲೇ ಆಯಿತು. ಈ ಸರಳತೆಯೇ ಮುಂದೆ ನಮ್ಮಂಥ ಸಣ್ಣ ಕಸುಬಿನವರಿಗೆ ವರವಾಯಿತು. ದೊಡ್ಡ ಅಚ್ಚುಯಂತ್ರಗಳಿಲ್ಲದೆ, ಸುತ್ತಿಗೆ, ಕತ್ತರಿ, ಕೊಡತಿಗಳಿಂದ ಪುನಃ ನಿರ್ಮಿಸಬಹುದಾದ ಮೈ ಜೀಪಿಗಿದ್ದಂತೆ ಬೇರೆ ವಾಹನಕ್ಕಿಲ್ಲ. 1949ರಲ್ಲಿ ಮುಂಬಯಿಯಲ್ಲಿ ಮಹೀಂದ್ರ ಕಂಪೆನಿಯವರು ಜೀಪುಗಳನ್ನು ಜೋಡಿಸತೊಡಗಿದರು; ಅಲ್ಲಿಂದ ಮುಂದೆ ಅದು ನಮ್ಮ ದೇಶದ ಕಾಡು, ಗುಡ್ಡ, ತೋಟಗಳ ಬಂಡಿಯಾಯಿತು.

ದಕ್ಷಿಣ ಕನ್ನಡಕ್ಕೆ ಮೋಟಾರು ಹೊಸದಲ್ಲ. 1914ರಷ್ಟು ಹಿಂದೆಯೇ ಮಂಗಳೂರು–ಬಂಟ್ವಾಳಗಳ ನಡುವೆ ಬಸ್ಸು ಓಡಿತ್ತು. ಖಾಸಗಿ ಬಸ್ಸುಗಳ ಈ ಜಿಲ್ಲೆಯಲ್ಲಿ ಬಸ್ಸಿಗೆ ಮೈ ಕಟ್ಟುವ ಶೆಡ್ಡುಗಳೂ ಬೆಳೆದವು. ಮೊದಲಿಗೆ ಮರದ ಚೌಕಟ್ಟು, ಅದರ ಮೇಲೆ ತಗಡು. ಬರಬರುತ್ತ ಉಕ್ಕಿನ ಚೌಕಟ್ಟು, ಅದರ ಮೇಲೆ ಅಲ್ಯೂಮಿನಿಯಂ ಹೊದಿಕೆ. ಜೀಪಿಗೆ ಅಲ್ಯೂಮಿನಿಯಂ ಹೊದಿಸುವ ಕೈಚಳಕವು ಈ ಬಸ್ಸಿನ ಶೆಡ್ಡುಗಳಿಂದಲೇ ಬಂದದ್ದು. ಬೆಳ್ತಂಗಡಿ ತಾಲ್ಲೂಕಿನ ಘಟ್ಟದಡಿಯ ಊರುಗಳಲ್ಲಿ ಬಸ್ಸು ತಲುಪದ ಕಡೆಗೆ ಜನರನ್ನು ಹೊತ್ತದ್ದು ಜೀಪು. ಅಡಿಕೆ, ರಬ್ಬರು ತೋಟಗಳಲ್ಲಿ ಗೊಬ್ಬರವನ್ನೂ ಆಳುಗಳನ್ನೂ ಸಾಗಿಸಿದ್ದು ಜೀಪು. ಅದೇ ತಾಲ್ಲೂಕಿನ ಧರ್ಮಸ್ಥಳದಲ್ಲಿ ಹಳೆಯ ಮೋಟಾರುಗಳ ಸಂಗ್ರಹಾಲಯವೇ ಇದೆಯೆಂಬುದನ್ನು ನೆನೆದರೆ, ಹಳೆಯ ವಾಹನದ ಮೇಲಣ ಮಮತೆ ಈ ಸೀಮೆಗೆ ಹೊಸದಲ್ಲವೆಂದು ತಿಳಿಯುತ್ತದೆ.

ಆದರೆ ಇಲ್ಲಿಯ ಜೀಪಿಗೆ ಒಂದು ವಿಧಿಯಿದೆ. ಅದರ ಎಂಜಿನ್ನು ಸಾಯುವ ಮೊದಲೇ ಮೈ ಸಾಯುತ್ತದೆ. ವರ್ಷದಲ್ಲಿ ನಾಲ್ಕೈದು ತಿಂಗಳು ಮಳೆ. ಕಡಲ ಕಡೆಯಿಂದ ಉಪ್ಪಿನ ಗಾಳಿ. ಚಕ್ರಗಳು ಎರಚುವ ಕೆಸರು. ಮಡ್‌ಗಾರ್ಡಿನ ಒಳಮೈ, ನೆಲದ ತಗಡಿನ ಅಂಚು, ಹಿಂಬದಿಯ ಮೂಲೆ—ಕೆಸರು ಕುಳಿತು ಒಣಗದೆ ಉಳಿಯುವ ಕಡೆಗಳಲ್ಲೆಲ್ಲ ಕಬ್ಬಿಣವು ತುಕ್ಕಾಗುತ್ತದೆ. ಕಬ್ಬಿಣದ ತುಕ್ಕು ಪದರಪದರವಾಗಿ ಕಳಚಿ ಬೀಳುವುದರಿಂದ ಹೊಸ ಕಬ್ಬಿಣ ಮತ್ತೆ ಗಾಳಿನೀರಿಗೆ ತೆರೆದುಕೊಳ್ಳುತ್ತದೆ. ಹೀಗೆ ತಗಡು ಪೂರ್ತಿ ತೂತಾಗುವ ತನಕ ನಾಶವು ನಿಲ್ಲುವುದಿಲ್ಲ. ಒಂದು ತೇಪೆ ಹಾಕಿದರೆ ಅದರ ಪಕ್ಕದಲ್ಲಿ ಇನ್ನೊಂದು ತೂತು. ಕೊನೆಗೆ ಮಾಲಿಕನು ಬೇಸತ್ತು, ಓಡುವ ಗಾಡಿಯನ್ನು ಗುಜರಿಗೆ ಹಾಕುತ್ತಾನೆ.

ಲೋಹದ ಪರಿಚಯ

ಅಲ್ಯೂಮಿನಿಯಂ ಎಂಬುದು ನಮಗೆ ದೂರದ ಲೋಹವಲ್ಲ. ಭೂಮಿಯ ಹೊರಪದರದಲ್ಲಿ ತೂಕದಿಂದ ನೂರಕ್ಕೆ ಸುಮಾರು ಎಂಟು ಪಾಲು ಅದೇ. ಲೋಹಗಳ ಪೈಕಿ ಅದಕ್ಕೇ ಅಗ್ರಸ್ಥಾನ. ನಾವು ತುಳಿಯುವ ಜೇಡಿಮಣ್ಣಿನಲ್ಲಿ, ಕರಾವಳಿಯ ಮನೆಗಳನ್ನು ಕಟ್ಟುವ ಮುರಕಲ್ಲಿನಲ್ಲಿ ಅದು ಅಡಗಿದೆ. ಮುರಕಲ್ಲಿನ ಹತ್ತಿರದ ಬಂಧುವಾದ ಬಾಕ್ಸೈಟ್ ಎಂಬ ಅದಿರಿನಿಂದ ಅದನ್ನು ಪಡೆಯುತ್ತಾರೆ. ನಮ್ಮ ನಾಡಿನ ಬೆಳಗಾವಿಯಲ್ಲಿಯೇ ಬಾಕ್ಸೈಟನ್ನು ಶುದ್ಧಿಗೊಳಿಸಿ ಅಲ್ಯೂಮಿನಾ ತೆಗೆಯುವ ಕಾರ್ಖಾನೆಯಿದೆ. ಆದರೆ ಈ ಲೋಹವು ಆಮ್ಲಜನಕವನ್ನು ಬಲವಾಗಿ ಅಪ್ಪಿಕೊಂಡಿರುವುದರಿಂದ, 1886ರಲ್ಲಿ ಅಮೆರಿಕದ ಹಾಲ್ ಮತ್ತು ಫ್ರಾನ್ಸಿನ ಎರೂ ಎಂಬ ಇಬ್ಬರು ತರುಣರು ವಿದ್ಯುತ್ತಿನಿಂದ ಅದನ್ನು ಬೇರ್ಪಡಿಸುವ ಮಾರ್ಗವನ್ನು ಪ್ರತ್ಯೇಕವಾಗಿ ಕಂಡುಹಿಡಿಯುವ ತನಕ, ಬಡವರ ಅಡಿಗೆಮನೆಗೆ ಅದು ಬರುವಂತಿರಲಿಲ್ಲ.

ಅಲ್ಯೂಮಿನಿಯಂ ತುಕ್ಕು ಹಿಡಿಯುವುದಿಲ್ಲ ಎಂದು ಜನ ಹೇಳುವುದುಂಟು. ಅದು ಅರ್ಧಸತ್ಯ. ಗಾಳಿಗೆ ತೆರೆದ ಕೂಡಲೇ ಅದರ ಮೇಲೆಯೂ ಆಮ್ಲಜನಕದ ಪೊರೆ ಕಟ್ಟುತ್ತದೆ. ಆದರೆ ಆ ಪೊರೆ ಕಬ್ಬಿಣದ ತುಕ್ಕಿನಂತೆ ಕಳಚುವುದಿಲ್ಲ. ಕಣ್ಣಿಗೆ ಕಾಣದಷ್ಟು ತೆಳುವಾಗಿ, ಬಿಗಿಯಾಗಿ ಅಂಟಿಕೊಂಡು, ಒಳಗಿನ ಲೋಹವನ್ನು ಕಾಯುತ್ತದೆ. ಗೀರು ಬಿದ್ದರೂ ಹೊಸ ಪೊರೆ ತಾನೇ ಹುಟ್ಟುತ್ತದೆ. ಈ ಪೊರೆ ಇರುವ ತನಕ ಅಲ್ಯೂಮಿನಿಯಂ ಬಾಳುತ್ತದೆ. ಪೊರೆಯನ್ನು ಕರಗಿಸುವ ಶತ್ರು ಬಂದರೆ ಬಾಳುವುದಿಲ್ಲ. ಮುಂದಿನ ಮಾತುಗಳಿಗೆಲ್ಲ ಇದೇ ಬೀಜ.

ಈ ಲೋಹದಿಂದ ಗಾಡಿಯ ಮೈ ಮಾಡಿದ ಪ್ರಸಿದ್ಧ ಉದಾಹರಣೆ ಇಂಗ್ಲೆಂಡಿನ ಲ್ಯಾಂಡ್ ರೋವರ್. ಯುದ್ಧಾನಂತರ ಅಲ್ಲಿ ಉಕ್ಕಿಗೆ ಬರವಿತ್ತು. 1948ರಲ್ಲಿ ಹೊರಬಂದ ಆ ವಾಹನಕ್ಕೆ ಬರ್ಮಾಬ್ರೈಟ್ ಎಂಬ, ಮೆಗ್ನೀಷಿಯಂ ಬೆರೆತ ಅಲ್ಯೂಮಿನಿಯಂ ಮಿಶ್ರಲೋಹದ ತಗಡುಗಳನ್ನು ತೊಡಿಸಿದರು. ಚಾಸಿಯನ್ನೂ ಎಂಜಿನ್ನಿನ ಹಿಂದಿನ ಅಡ್ಡಗೋಡೆಯನ್ನೂ ಉಕ್ಕಿನದಾಗಿಯೇ ಉಳಿಸಿದರು. ನಮ್ಮ ಬೆಂಗಳೂರಿನಲ್ಲಿ 1940ರಲ್ಲಿ ಸ್ಥಾಪನೆಯಾದ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯು ಅಲ್ಯೂಮಿನಿಯಂ ತಗಡಿನ ಕುಶಲ ಕೆಲಸಕ್ಕೆ ಕನ್ನಡ ನಾಡಿನಲ್ಲಿ ದೊಡ್ಡ ಪಾಠಶಾಲೆಯಾಯಿತು.

ತೂಕದ ಲೆಕ್ಕ

ಅಲ್ಯೂಮಿನಿಯಂ ಹಗುರ, ಆದುದರಿಂದ ಜೀಪು ಬಹಳ ಹಗುರವಾಗುತ್ತದೆ ಎಂದು ನಂಬಿ ಬರುವವರಿದ್ದಾರೆ. ಲೆಕ್ಕ ಹಾಕಿ ನೋಡೋಣ. ಉಕ್ಕಿನ ಸಾಂದ್ರತೆ 7.85, ಅಲ್ಯೂಮಿನಿಯಂನದು 2.7; ಎಂದರೆ ಮೂರನೆಯ ಒಂದು ಭಾಗದಷ್ಟು. ಆದರೆ ಅದರ ಬಿಗುಪೂ ಉಕ್ಕಿನ ಮೂರನೆಯ ಒಂದು ಭಾಗವೇ. ಅದೇ ದಪ್ಪದ ತಗಡು ಹಾಕಿದರೆ ಕೈಯೊತ್ತಿದಲ್ಲಿ ಒಳಬಗ್ಗುತ್ತದೆ. ಕಲ್ಲುಹಾದಿಯಲ್ಲಿ ತಮಟೆಯಂತೆ ಬಡಿದುಕೊಳ್ಳುತ್ತದೆ. ಅಷ್ಟೇ ಬಿಗುಪು ಬರಬೇಕಾದರೆ ತಗಡಿನ ದಪ್ಪವನ್ನು ಸುಮಾರು ಒಂದೂವರೆ ಪಟ್ಟು ಮಾಡಬೇಕು. 1 ಮಿಲಿಮೀಟರ್ ಉಕ್ಕಿನ ತಗಡಿನ ತೂಕ ಚದರ ಮೀಟರಿಗೆ 7.85 ಕಿಲೋಗ್ರಾಂ, 1.5 ಮಿಲಿಮೀಟರ್ ಅಲ್ಯೂಮಿನಿಯಂನದು ಸುಮಾರು 4 ಕಿಲೋಗ್ರಾಂ. ಆರು ಚದರ ಮೀಟರ್ ತಗಡನ್ನು ಬದಲಿಸಿದರೆ ಉಳಿತಾಯವಾಗುವುದು 23 ಕಿಲೋಗ್ರಾಂ ಮಾತ್ರ. ಒಂದು ಟನ್ನಿಗೂ ಮಿಕ್ಕಿದ ಜೀಪಿನಲ್ಲಿ ಅದು ದೊಡ್ಡ ಮಾತಲ್ಲ.

ಆದುದರಿಂದ ತೂಕಕ್ಕಾಗಿ ಅಲ್ಯೂಮಿನಿಯಂ ತೊಡಿಸುವುದು ವ್ಯರ್ಥ ವೆಚ್ಚ. ತುಕ್ಕಿನಿಂದ ಪಾರಾಗುವುದೇ ಅದರ ನಿಜವಾದ ಪ್ರಯೋಜನ. ಆ ಪ್ರಯೋಜನವನ್ನೂ ಕೆಟ್ಟ ಕೆಲಸವು ಕಳೆದುಬಿಡುತ್ತದೆ.

ತಗಡಿನ ಆಯ್ಕೆಯಲ್ಲಿ ಒಂದು ಎಚ್ಚರಿಕೆ. ಶುದ್ಧ ಅಲ್ಯೂಮಿನಿಯಂ ಬಲು ಮೃದು. ಮ್ಯಾಂಗನೀಸ್ ಬೆರೆತ 3003 ಎಂಬುದು ಬಾಗಿಸಲು, ತಟ್ಟಲು ಸುಲಭ. ಮೆಗ್ನೀಷಿಯಂ ಬೆರೆತ 5052 ಎಂಬುದು ಇನ್ನೂ ಬಲವುಳ್ಳದ್ದು, ಉಪ್ಪುಗಾಳಿಯನ್ನು ಚೆನ್ನಾಗಿ ತಡೆಯುತ್ತದೆ. ಕರಾವಳಿಗೆ ಇದೇ ಉತ್ತಮ. 6061 ಎಂಬ ಹದಗೊಳಿಸಿದ ಮಿಶ್ರಲೋಹವು ಬಲದಲ್ಲಿ ಹೆಚ್ಚಿನದೆಂದು ಕೆಲವರು ಅದನ್ನೇ ಬಯಸುತ್ತಾರೆ. ಆದರೆ ಅದನ್ನು ಬಿಗಿಯಾಗಿ ಮಡಿಸಿದರೆ ಮಡಿಕೆಯ ಹೊರಮೈ ಬಿರಿಯುತ್ತದೆ, ಕಾಯಿಸಿದರೆ ಬಲ ಹೋಗುತ್ತದೆ. ಬೆಲೆ ಹೆಚ್ಚಾದುದೆಲ್ಲ ಎಲ್ಲ ಕೆಲಸಕ್ಕೂ ಉತ್ತಮವಲ್ಲ.

ಅಳತೆ, ಕತ್ತರಿಕೆ, ಮಡಿಕೆ

ಹಳೆಯ ತಗಡನ್ನು ಕೀಳುವ ಮೊದಲೇ ಅಳತೆ ಮಾಡಿಕೊಳ್ಳಬೇಕು. ಇದನ್ನು ಮರೆತವರು ಪಶ್ಚಾತ್ತಾಪಪಡುತ್ತಾರೆ. ಏಕೆಂದರೆ ತುಕ್ಕು ಹಿಡಿದ ಮೈ ಒಮ್ಮೆ ಬಿಚ್ಚಿಕೊಂಡರೆ ಮತ್ತೆ ಹಿಂದಿನ ಆಕಾರಕ್ಕೆ ಬರುವುದಿಲ್ಲ. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಮುಂಭಾಗದ ಎಡಮೂಲೆಯಿಂದ ಹಿಂಭಾಗದ ಬಲಮೂಲೆಗೆ, ಬಲಮೂಲೆಯಿಂದ ಎಡಮೂಲೆಗೆ ಕರ್ಣಗಳನ್ನು ಅಳೆಯಬೇಕು. ಎರಡು ಕರ್ಣಗಳು ಸಮನಾಗಿಲ್ಲವಾದರೆ ಮೈ ಸೊಟ್ಟಗಾಗಿದೆ. ಸೊಟ್ಟಗಾದ ಚೌಕಟ್ಟಿಗೆ ನೇರವಾದ ತಗಡು ಹೊಂದುವುದಿಲ್ಲ. ಮೊದಲು ಚೌಕಟ್ಟನ್ನು ಸರಿಪಡಿಸತಕ್ಕದ್ದು.

ಅನಂತರ ದಪ್ಪ ರಟ್ಟಿನಲ್ಲಿ ನಮೂನೆ ಕತ್ತರಿಸಬೇಕು. ರಟ್ಟು ಕೆಟ್ಟರೆ ಹೋಗುವುದು ಅಲ್ಪ. ತಗಡು ಕೆಟ್ಟರೆ ಹೋಗುವುದು ಒಂದು ದಿನದ ಕೂಲಿ. ನಮೂನೆಯನ್ನು ಗಾಡಿಗೆ ಹಿಡಿದು ನೋಡಿ, ಎಡಬಲಗಳ ಗುರುತು ಬರೆದು, ಮಡಿಕೆಯ ಸ್ಥಾನಗಳನ್ನು ಗೆರೆ ಹಾಕಿಡಬೇಕು.

ಮಡಿಕೆಗೆ ಒಂದು ಲೆಕ್ಕವಿದೆ. ಹೊರ ಅಳತೆಯಲ್ಲಿ ಒಂದು ಪಕ್ಕ 100 ಮಿಲಿಮೀಟರ್, ಇನ್ನೊಂದು ಪಕ್ಕ 25 ಮಿಲಿಮೀಟರ್ ಇರುವ ಮೂಲೆ ಬೇಕೆಂದು ಇಟ್ಟುಕೊಳ್ಳೋಣ. 125 ಮಿಲಿಮೀಟರ್ ಕತ್ತರಿಸಿದರೆ ಅದು ಹೆಚ್ಚಾಗುತ್ತದೆ. ತಗಡು ಮೂಲೆಯಲ್ಲಿ ಚೂಪಾಗಿ ತಿರುಗದೆ ದುಂಡಾಗಿ ತಿರುಗುವುದರಿಂದ ದಾರಿ ಕಡಿಮೆಯಾಗುತ್ತದೆ. 1.5 ಮಿಲಿಮೀಟರ್ ದಪ್ಪದ ತಗಡನ್ನು ಒಳಗೆ 3 ಮಿಲಿಮೀಟರ್ ತ್ರಿಜ್ಯ ಬರುವಂತೆ ಮಡಿಸಿದರೆ ಸುಮಾರು 3.25 ಮಿಲಿಮೀಟರ್ ಕಳೆಯಬೇಕು, ಕತ್ತರಿಸತಕ್ಕದ್ದು 121.75 ಮಿಲಿಮೀಟರ್. ನಾಲ್ಕು ಮಡಿಕೆಗಳಿರುವ ಪಕ್ಕದ ತಗಡಿನಲ್ಲಿ ಇದನ್ನು ಮರೆತರೆ 13 ಮಿಲಿಮೀಟರಿನಷ್ಟು ತಪ್ಪುತ್ತದೆ. ಗಣಿತದ ಮೇಷ್ಟ್ರು ವೃತ್ತದ ಪರಿಧಿಯ ಪಾಠ ಮಾಡುವಾಗ "ಇದು ಯಾತಕ್ಕೆ ಬರುತ್ತದೆ ಗುರುಗಳೇ" ಎಂದು ಕೇಳಿ ಬೆಂಚಿನ ಮೇಲೆ ನಿಂತವರಲ್ಲಿ ನಾನೂ ಒಬ್ಬ. ಉತ್ತರ ನನಗೆ ಬಹಳ ವರ್ಷಗಳ ಅನಂತರ ಸಿಕ್ಕಿತು.

ಮಡಿಕೆಯ ಗೆರೆಯನ್ನು ಉಕ್ಕಿನ ಮೊನೆಯಿಂದ ಗೀರಬಾರದು. ಆ ಗೀರಿನಿಂದಲೇ ಬಿರುಕು ಹುಟ್ಟುತ್ತದೆ. ಮಸಿಯ ಲೇಖನಿಯಿಂದ ಗುರುತು ಹಾಕಿದರೆ ಸಾಕು. ಕತ್ತರಿಸಿದ ಅಂಚುಗಳನ್ನು ಅರದಿಂದ ನಯಗೊಳಿಸಬೇಕು. ಸಪಾಟಾದ ದೊಡ್ಡ ತಗಡಿಗೆ ಅಲ್ಲಲ್ಲಿ ಉದ್ದನೆಯ ಏಣುಗಳನ್ನು ಎಬ್ಬಿಸಿದರೆ ತಗಡಿನ ದಪ್ಪವನ್ನು ಹೆಚ್ಚಿಸದೆಯೇ ಬಿಗುಪು ಬರುತ್ತದೆ.

ಮಡ್‌ಗಾರ್ಡಿನಂಥ ಬಾಗಿದ ಭಾಗಗಳನ್ನು ಮರಳು ತುಂಬಿದ ಚರ್ಮದ ಚೀಲದ ಮೇಲಿಟ್ಟು ಮರದ ಕೊಡತಿಯಿಂದ ತಟ್ಟಿ ರೂಪಿಸಬೇಕು. ತಟ್ಟುತ್ತ ಹೋದಂತೆ ತಗಡು ಗಡಸಾಗುತ್ತದೆ. ಆಗಲೂ ಬಲವಂತ ಮಾಡಿದರೆ ಒಡೆಯುತ್ತದೆ. ಅದನ್ನು ಕಾಯಿಸಿ ಮತ್ತೆ ಮೃದುವಾಗಿಸಬೇಕು. ಕಬ್ಬಿಣವು ಕಾದಾಗ ಕೆಂಪಾಗಿ ನಮ್ಮನ್ನು ಎಚ್ಚರಿಸುತ್ತದೆ, ಅಲ್ಯೂಮಿನಿಯಂ ಹಾಗಲ್ಲ. ಬಣ್ಣ ಬದಲಿಸದೆ ಸುಮ್ಮನಿದ್ದು, 660 ಡಿಗ್ರಿಯ ಹತ್ತಿರ ಬಂದಾಗ ಒಮ್ಮೆಗೇ ಕರಗಿ ತೂತಾಗುತ್ತದೆ. ಮೃದುವಾಗಿಸಲು ಬೇಕಾದುದು 350 ಡಿಗ್ರಿಯ ಆಸುಪಾಸು. ಇದನ್ನು ತಿಳಿಯಲು ಹಳೆಯ ಕಸುಬಿನವರು ಒಂದು ಉಪಾಯ ಬಲ್ಲರು. ತಗಡಿಗೆ ಬಟ್ಟೆ ಒಗೆಯುವ ಸಾಬೂನನ್ನು ಉಜ್ಜಿ, ಉರಿಯನ್ನು ಮೆಲ್ಲಗೆ ಆಡಿಸಬೇಕು. ಸಾಬೂನಿನ ಗೆರೆ ಕಂದಾಗಿ ಕಪ್ಪಾಗುವ ಹೊತ್ತಿಗೆ ಹದ ಬಂದಿದೆ. ಅಲ್ಲಿಗೆ ಉರಿಯನ್ನು ತೆಗೆಯಬೇಕು. ಆರು ಕಾಸಿನ ಸಾಬೂನು ನೂರಾರು ರೂಪಾಯಿಯ ಉಪಕರಣದ ಕೆಲಸ ಮಾಡುತ್ತದೆ.

ಎರಡು ಲೋಹಗಳ ನಡುವಣ ಜಗಳ

ಈಗ ಮುಖ್ಯ ವಿಷಯಕ್ಕೆ ಬಂದೆವು. ಚಾಸಿ ಉಕ್ಕಿನದು, ಒಳಚೌಕಟ್ಟು ಉಕ್ಕಿನದು, ಹೊದಿಕೆ ಅಲ್ಯೂಮಿನಿಯಂನದು. ಇವೆರಡು ಒಂದನ್ನೊಂದು ಮುಟ್ಟಿ, ನಡುವೆ ಉಪ್ಪಿನಂಶದ ನೀರು ನಿಂತರೆ ಅಲ್ಲೊಂದು ವಿದ್ಯುತ್ಕೋಶವೇ ಏರ್ಪಡುತ್ತದೆ. ಟಾರ್ಚಿನ ಸೆಲ್ಲಿನಲ್ಲಿ ಸತುವಿನ ಡಬ್ಬಿಯು ಕರಗಿ ಬೆಳಕು ಕೊಡುವುದನ್ನು ವಿಜ್ಞಾನದ ತರಗತಿಯಲ್ಲಿ ನಾವೆಲ್ಲ ಓದಿದ್ದೇವೆ. ಇಲ್ಲಿ ಸತುವಿನ ಸ್ಥಾನ ಅಲ್ಯೂಮಿನಿಯಂನದು. ಬೆಳಕು ಮಾತ್ರ ಬರುವುದಿಲ್ಲ. ತಗಡು ಕರಗಿ ಬಿಳಿಯ ಪುಡಿಯಾಗುತ್ತದೆ. ಉಕ್ಕಿಗೆ ಏನೂ ಆಗುವುದಿಲ್ಲ. ಬಲಿಯಾಗುವುದು ನಾವು ಹೊಸದಾಗಿ ತೊಡಿಸಿದ ಹೊದಿಕೆಯೇ.

ಇದು ಹಡಗಿನವರು ಬಹಳ ಹಿಂದೆಯೇ ಕಲಿತ ಪಾಠ. 1761ರಲ್ಲಿ ಇಂಗ್ಲೆಂಡಿನ ನೌಕಾಪಡೆಯವರು ಅಲಾರ್ಮ್ ಎಂಬ ಹಡಗಿನ ಅಡಿಗೆ, ಮರ ಕೊರೆಯುವ ಹುಳುಗಳ ಕಾಟವನ್ನು ತಪ್ಪಿಸಲು, ತಾಮ್ರದ ತಗಡು ಹೊಡೆದರು. ಎರಡು ವರ್ಷದ ಅನಂತರ ಪರೀಕ್ಷಿಸಿದಾಗ ತಾಮ್ರಕ್ಕೆ ತಗುಲಿದ್ದ ಕಬ್ಬಿಣದ ಮೊಳೆಗಳು ತಿಂದುಹೋಗಿದ್ದವು. ಆದರೆ ಕೆಲವು ಮೊಳೆಗಳು ಮಾತ್ರ ಚೆನ್ನಾಗಿಯೇ ಇದ್ದವು. ತಗಡಿಗೆ ಸುತ್ತಿ ಬಂದ ಕಂದು ಕಾಗದವನ್ನು ಕೆಲವೆಡೆ ತೆಗೆಯದೆ ಹೊಡೆದಿದ್ದರು; ಕಾಗದ ಅಡ್ಡವಿದ್ದಲ್ಲಿ ಕಬ್ಬಿಣ ಉಳಿದಿತ್ತು. ಅಲ್ಲಿ ಬಲಿಯಾದದ್ದು ಕಬ್ಬಿಣ, ಇಲ್ಲಿ ಬಲಿಯಾಗುವುದು ಅಲ್ಯೂಮಿನಿಯಂ, ನಿಯಮವೊಂದೇ. ಒಂದು ಹಾಳೆಯ ಅಂತರವು ಉಳಿವು ಅಳಿವುಗಳ ಅಂತರವಾಗುತ್ತದೆ.

ಓದದೆಯೇ ಈ ಪಾಠವನ್ನು ನಾನು ಕಲಿತದ್ದು ತಪ್ಪಿನಿಂದ. ಮೊದಮೊದಲು ಬೆಳ್ತಂಗಡಿ ಕಡೆಯ ಒಬ್ಬ ಅಡಿಕೆ ಕೃಷಿಕರ ಜೀಪಿಗೆ ನಾನು ಅಲ್ಯೂಮಿನಿಯಂ ಮೈ ಕಟ್ಟಿಕೊಟ್ಟೆ. ಹೊರಗೆ ಕನ್ನಡಿಯಂತೆ ಹೊಳೆಯಿತು. ಸದ್ದು ಬಾರದಿರಲೆಂದು ಉಕ್ಕಿಗೂ ತಗಡಿಗೂ ನಡುವೆ ಗೋಣಿಬಟ್ಟೆಯ ಪಟ್ಟಿಯನ್ನು ಇಟ್ಟಿದ್ದೆ. ಕೈಗೆ ಸುಲಭವಾಗಿ ಸಿಕ್ಕ ಕಬ್ಬಿಣದ ಬೋಲ್ಟುಗಳಿಂದ ಬಿಗಿದಿದ್ದೆ. ಎರಡು ಮಳೆಗಾಲ ಕಳೆಯಿತು. ಗೋಣಿಯು ನೀರನ್ನು ಹೀರಿ ಬೇಸಗೆಯ ತನಕ ಹಿಡಿದಿಟ್ಟುಕೊಂಡಿತ್ತು. ಬಣ್ಣವು ಬೊಬ್ಬೆಗಟ್ಟಿ ಎದ್ದಿತ್ತು. ಬೋಲ್ಟಿನ ಸುತ್ತ ತಗಡು ಸುಣ್ಣದಂತೆ ಉದುರಿ, ತೂತು ಬೆರಳು ಹೋಗುವಷ್ಟು ದೊಡ್ಡದಾಗಿತ್ತು. ಅವರು ಸಿಟ್ಟು ಮಾಡಲಿಲ್ಲ. "ಮಾಸ್ಟ್ರೇ, ಹೊರಗಿನಿಂದ ಚೆಂದವೇ ಉಂಟು. ಒಳಗೆ ಏನು ಮಾಡಿದ್ದೀರಿ ಎಂದು ನನಗೆ ಗೊತ್ತಾಗುವುದು ಹೇಗೆ? ನಿಮ್ಮನ್ನು ನಂಬಿದ್ದು ಅಷ್ಟೆ" ಎಂದರು. ಆ ಮಾತು ಇಂದಿಗೂ ಕಿವಿಯಲ್ಲಿದೆ. ಕೂಲಿ ಪಡೆಯದೆ ಅದನ್ನು ಮತ್ತೆ ಕಟ್ಟಿಕೊಟ್ಟೆ. ಆದರೆ ಪಾಠ ಕಲಿಸಿದವರು ಅವರಾದುದರಿಂದ ಸಾಲ ಇನ್ನೂ ನನ್ನದೇ.

ಸರಿಯಾದ ಕ್ರಮ ಹೀಗಿದೆ. ಉಕ್ಕಿನ ಚೌಕಟ್ಟನ್ನು ತುಕ್ಕೆಲ್ಲ ಹೋಗುವಂತೆ ಕೆರೆದು ಪ್ರೈಮರು, ಬಣ್ಣಗಳನ್ನು ಹಚ್ಚಬೇಕು. ತಗಡಿನ ಒಳಮೈಗೂ ಅಲ್ಯೂಮಿನಿಯಂಗೆ ಹೊಂದುವ ಪ್ರೈಮರನ್ನು ಹಚ್ಚಬೇಕು. ತಗಡಿಗೆ ಮಾತ್ರ ಬಣ್ಣ ಹಚ್ಚಿ ಉಕ್ಕನ್ನು ಬರಿದಾಗಿ ಬಿಟ್ಟರೆ, ಬಣ್ಣದಲ್ಲಿ ಗೀರು ಬಿದ್ದ ಒಂದೇ ಬಿಂದುವಿನಲ್ಲಿ ನಾಶವೆಲ್ಲ ಕೇಂದ್ರೀಕರಿಸಿ ಬೇಗ ತೂತಾಗುತ್ತದೆ; ಆದುದರಿಂದ ಎರಡಕ್ಕೂ ಬಣ್ಣ ಅಗತ್ಯ. ಇವೆರಡರ ನಡುವೆ ನೀರು ಹೀರದ ಅಂಟುಪಟ್ಟಿಯನ್ನು ಇಡಬೇಕು. ಬಟ್ಟೆ, ಗೋಣಿ, ಕಂಬಳಿಯ ತುಂಡು ಎಂದಿಗೂ ಕೂಡದು.

ಬೆಸುಗೆಗಿಂತ ರಿವೆಟ್ಟು ನಮ್ಮ ಕೆಲಸಕ್ಕೆ ಸುರಕ್ಷಿತ. ಅಲ್ಯೂಮಿನಿಯಂನ ಮೇಲಣ ಪೊರೆಯು ಕರಗುವುದು ಎರಡು ಸಾವಿರ ಡಿಗ್ರಿಗೂ ಮೇಲೆ. ಒಳಗಿನ ಲೋಹ ಕರಗುವುದು 660ಕ್ಕೆ. ಹೀಗಾಗಿ ಸಾಮಾನ್ಯ ಗ್ಯಾಸ್ ಬೆಸುಗೆಯಲ್ಲಿ ನುರಿತವರ ಕೈಯೂ ತಪ್ಪುತ್ತದೆ; ಆರ್ಗಾನ್ ಬೆಸುಗೆಯ ಸೌಕರ್ಯ ಎಲ್ಲೆಡೆ ಇಲ್ಲ. ರಿವೆಟ್ಟಿನ ವ್ಯಾಸ ತಗಡಿನ ದಪ್ಪದ ಸುಮಾರು ಮೂರು ಪಟ್ಟು ಇರಬೇಕು. ಅಂಚಿನಿಂದ ರಿವೆಟ್ಟಿನ ಮಧ್ಯಕ್ಕೆ ಅದರ ವ್ಯಾಸದ ಎರಡು ಪಟ್ಟಾದರೂ ದೂರವಿರಬೇಕು. ರಿವೆಟ್ಟು ಅಲ್ಯೂಮಿನಿಯಂ ಮಿಶ್ರಲೋಹದ್ದೇ ಆಗಿರಬೇಕು. ಪಾಪ್ ರಿವೆಟ್ಟು ಬಳಸುವವರು ಅದರೊಳಗೆ ತುಂಡಾಗಿ ಉಳಿಯುವ ಕಡ್ಡಿ ಉಕ್ಕಿನದಲ್ಲವೆಂದು ನೋಡಿಕೊಳ್ಳಬೇಕು. ಬೋಲ್ಟು ಬೇಕಾದ ಕಡೆ ತುಕ್ಕುಹಿಡಿಯದ ಉಕ್ಕಿನ ಬೋಲ್ಟು, ಅದಕ್ಕೆ ನೈಲಾನಿನ ವಾಷರು.

ಇನ್ನೊಂದು ಸೂಕ್ಷ್ಮವುಂಟು. ಬಿಸಿಲಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಎರಡು ಪಟ್ಟು ಹಿಗ್ಗುತ್ತದೆ. ಒಂದು ಮೀಟರಿನ ತಗಡು 40 ಡಿಗ್ರಿ ಕಾದರೆ ಚೌಕಟ್ಟಿಗಿಂತ ಅರ್ಧ ಮಿಲಿಮೀಟರಿನಷ್ಟು ಹೆಚ್ಚು ಬೆಳೆಯುತ್ತದೆ. ಆದುದರಿಂದ ತಗಡನ್ನು ನಡುವಿನಿಂದ ಅಂಚಿನ ಕಡೆಗೆ ಬಿಗಿಯುತ್ತ ಹೋಗಬೇಕು. ಬೋಲ್ಟಿನ ತೂತುಗಳನ್ನು ತುಸು ಸಡಿಲವಾಗಿಡಬೇಕು. ಮತ್ತು ತಗಡನ್ನು ಚೌಕಟ್ಟಿನಿಂದ ಪ್ರತ್ಯೇಕಿಸಿದ ಮೇಲೆ ದೀಪಗಳ ವಿದ್ಯುತ್ತು ಮೈಯ ಮೂಲಕ ಹಿಂದಿರುಗುವ ದಾರಿ ಕಡಿಯುತ್ತದೆ. ಪ್ರತಿ ದೀಪಕ್ಕೂ ಬೇರೆ ಅರ್ತಿಂಗ್ ತಂತಿ ಎಳೆಯಬೇಕು. ಇದನ್ನರಿಯದೆ ಬಲ್ಬು ಬದಲಿಸುತ್ತ ಕುಳಿತವರನ್ನು ಕಂಡಿದ್ದೇನೆ.

ಎಲ್ಲಿ ಬೇಡ, ಯಾವುದು ಕೂಡದು

ಎಲ್ಲವನ್ನೂ ಅಲ್ಯೂಮಿನಿಯಂ ಮಾಡಬೇಕೆಂಬ ಹಟ ಸಲ್ಲದು. ಆಸನದ ಕಾಲುಗಳು, ಸೀಟುಬೆಲ್ಟಿನ ಆಧಾರ, ಗಾಡಿ ಮಗುಚಿದರೆ ತಲೆ ಕಾಯುವ ಕೊಳವೆಯ ಕಮಾನು, ಗಾಜಿನ ಚೌಕಟ್ಟು—ಜೀವ ಹೊರುವ ಈ ಭಾಗಗಳು ಉಕ್ಕಿನ ಮೇಲೆಯೇ ನಿಲ್ಲಬೇಕು. ತೆಳು ತಗಡಿಗೆ ಅವನ್ನು ಬಿಗಿಯುವವನು ಮನುಷ್ಯನ ಪ್ರಾಣದೊಡನೆ ಆಟವಾಡುತ್ತಾನೆ.

ತೋಟದವರಿಗೆ ವಿಶೇಷ ಸೂಚನೆ. ಅಡಿಕೆಯ ಕೊಳೆರೋಗಕ್ಕೆ ನಾವು ಸಿಂಪಡಿಸುವ ಬೋರ್ಡೋ ದ್ರಾವಣವು ಮೈಲುತುತ್ತ ಮತ್ತು ಸುಣ್ಣದಿಂದಾದುದು. ನೂರು ಲೀಟರ್ ನೀರಿಗೆ ತಲಾ ಒಂದು ಕಿಲೋಗ್ರಾಂ. ಅಲ್ಯೂಮಿನಿಯಂಗೆ ಇವೆರಡೂ ಶತ್ರುಗಳು. ಸುಣ್ಣದ ಕ್ಷಾರವು ರಕ್ಷಕ ಪೊರೆಯನ್ನು ಕರಗಿಸುತ್ತದೆ. ಮೈಲುತುತ್ತದ ತಾಮ್ರವು ತಗಡಿನ ಮೇಲೆ ಕುಳಿತು ಒಂದೊಂದು ಕಣವೂ ಒಂದೊಂದು ವಿದ್ಯುತ್ಕೋಶವಾಗಿ ಗುಳಿ ತೋಡುತ್ತದೆ. ಮಳೆಗಾಲದ ಆರಂಭದಲ್ಲಿ ಡ್ರಮ್ಮುಗಳನ್ನು ಜೀಪಿನಲ್ಲಿ ಸಾಗಿಸುವವರು ನೆಲಕ್ಕೆ ದಪ್ಪ ರಬ್ಬರು ಹಾಸಬೇಕು. ಚೆಲ್ಲಿದರೆ ಅಂದೇ ತೊಳೆಯಬೇಕು. ಹಸಿ ಸಿಮೆಂಟಿಗೂ ಇದೇ ಮಾತು.

ಕಾನೂನನ್ನೂ ಮರೆಯಬಾರದು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವು, ನಿರ್ಮಾಪಕರು ಕೊಟ್ಟ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿದಿದೆ. ಆದುದರಿಂದ ಮೂಲದ ಆಕಾರ, ಅಳತೆ, ಆಸನಸಂಖ್ಯೆಗಳನ್ನು ಬದಲಿಸದೆ, ಕೆಲಸಕ್ಕೆ ಕೈಹಾಕುವ ಮೊದಲೇ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ ನಡೆಯುವುದು ಕ್ಷೇಮ.

ಕಾಣದ ಮಗ್ಗುಲು

ಪೊಳಲಿಯ ಜಾತ್ರೆಯ ಚೆಂಡು ನಾಡಿಗೆಲ್ಲ ಪ್ರಸಿದ್ಧ. ಸಾವಿರಾರು ಜನರ ಕಾಲ್ತುಳಿತಕ್ಕೆ ಒಡ್ಡಿಕೊಳ್ಳುವ ಆ ಚರ್ಮದ ಚೆಂಡನ್ನು ಹೊಲಿದು ಕೊಡುವವರು ಮೂಡುಬಿದಿರೆಯ ಚರ್ಮಕಾರರು. ಆಟದಲ್ಲಿ ಗೆದ್ದವರನ್ನು ಜನ ಹೊಗಳುತ್ತಾರೆ. ಚೆಂಡಿನ ಒಳಹೊಲಿಗೆಯನ್ನು ಯಾರೂ ನೋಡುವುದಿಲ್ಲ. ಆದರೆ ಆ ಒಳಹೊಲಿಗೆ ಬಿಚ್ಚಿದರೆ ಆಟವೇ ಇಲ್ಲ.

ಹನ್ನೆರಡನೆಯ ಶತಮಾನದ ಶರಣರು ಕಾಯಕಕ್ಕೆ ಕೊಟ್ಟ ಮಹಿಮೆಯನ್ನು ನಾವು ಈ ವಿದ್ಯಾಲಯದ ಪ್ರಾರ್ಥನಾ ಮಂದಿರದಲ್ಲಿ ಬಾಲ್ಯದಲ್ಲೇ ಕೇಳಿದವರು. ಬುಟ್ಟಿ ಹೆಣೆದ ಮೇದಾರ ಕೇತಯ್ಯನವರನ್ನೂ ದೋಣಿ ನಡೆಸಿದ ಅಂಬಿಗರ ಚೌಡಯ್ಯನವರನ್ನೂ ಚರ್ಮದ ಕಾಯಕದ ಮಾದಾರ ಚೆನ್ನಯ್ಯನವರನ್ನೂ ಪೂಜ್ಯರೆಂದು ನಮಿಸುತ್ತ ಬೆಳೆದೆವು. ಆದರೆ ಕಾಯಕವೆಂದರೆ ಕೇವಲ ದುಡಿಮೆಯಲ್ಲ, ಅದರಲ್ಲಿ ವಂಚನೆಯಿಲ್ಲದಿರುವುದು ಎಂಬುದನ್ನು ನಾನು ತಿಳಿದುಕೊಂಡದ್ದು ಆ ಕೃಷಿಕರ ಅಂಗಳದಲ್ಲಿ, ಬಿಳಿಯ ಪುಡಿ ಉದುರುತ್ತಿದ್ದ ತಗಡಿನ ಮುಂದೆ ನಿಂತಾಗ. ಹೊರಮೈ ಹೊಳಪನ್ನು ಗಿರಾಕಿಯು ನೋಡುತ್ತಾನೆ, ಬೆಲೆ ಕಟ್ಟುತ್ತಾನೆ. ಒಳಮೈಯ ಪ್ರೈಮರು, ನಡುವಣ ಪಟ್ಟಿ, ರಿವೆಟ್ಟಿನ ಜಾತಿ—ಇವನ್ನು ಅವನು ಕಾಣಲಾರ. ಅಲ್ಲಿ ಕೆಲಸಗಾರನಿಗೆ ಸಾಕ್ಷಿ ಅವನ ಅಂತರಂಗವೊಂದೇ. ಮೈ ಬಾಳುವುದೋ ಬೀಳುವುದೋ ನಿರ್ಣಯವಾಗುವುದು ಅಲ್ಲಿಯೇ.

ಕಡೆಗೆ ಒಂದು ನಿವೇದನೆ. 1950ರಲ್ಲಿ ಆರಂಭವಾದ ಕುಶಲಕರ್ಮಿ ತರಬೇತಿ ಯೋಜನೆಯಿಂದ ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ತಗಡಿನ ಕೆಲಸವೂ ಒಂದು ಪಾಠವಾಗಿದೆ. ಆದರೆ ಅಲ್ಲಿಗೆ ಹೋಗುವ ಮೊದಲೇ, ಪ್ರೌಢಶಾಲೆಯ ವಯಸ್ಸಿನಲ್ಲಿ, ಹುಡುಗ ಹುಡುಗಿಯರ ಕೈಗೆ ಒಮ್ಮೆ ಕೊಡತಿ ಬರಬೇಕು. ನಮ್ಮ ಸಂಸ್ಥೆಯ ಅಭಿಮಾನಿ ದಾನಿಗಳು ಕಟ್ಟಡಗಳನ್ನು ಕಟ್ಟಿಸಿದ್ದಾರೆ. ಅವರ ಔದಾರ್ಯಕ್ಕೆ ಶರಣು. ಅದರೊಂದು ಮೂಲೆಯಲ್ಲಿ ಗಟ್ಟಿಯಾದ ಒಂದು ಮೇಜು, ಒಂದು ಹಿಡಿಕೆಯಂತ್ರ, ನಾಲ್ಕು ಕೊಡತಿ, ಕತ್ತರಿ, ಅರ ಇಷ್ಟಿದ್ದರೆ ಸಾಕು. ವೃತ್ತದ ಪರಿಧಿ, ಲೋಹದ ಹಿಗ್ಗುವಿಕೆ, ವಿದ್ಯುತ್ಕೋಶ, ಆಮ್ಲ ಮತ್ತು ಕ್ಷಾರ—ಪಠ್ಯದ ಇಷ್ಟು ಪಾಠಗಳು ಒಂದು ಅಂಗೈಯಗಲದ ತಗಡಿನಲ್ಲಿ ಕೂಡಿಬರುತ್ತವೆ. ಉಪಾಧ್ಯಾಯರು ಮಕ್ಕಳಿಗೆ ಒಂದು ಪೆಟ್ಟಿಗೆಯನ್ನು ಮಾಡಲು ಹೇಳಲಿ. ಅಂಕ ಕೊಡುವಾಗ ಅದನ್ನು ಮಗುಚಿ, ಒಳಮೈಯನ್ನು ನೋಡಿ ಅಂಕ ಕೊಡಲಿ.